ನೀರು ಮಾರಿದವಳು

ಎಂಬತ್ತರ ದಶಕವನ್ನು ನಾನು ಸಿಮೆಂಟಿನ ಧೂಳಿನಲ್ಲಿ ಕಳೆದೆ, ತೊಂಬತ್ತರ ದಶಕವನ್ನು ಕರಿ ಕೋಟಿನಲ್ಲಿ. ಎರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಸರಕಾರಿ ಎಂಜಿನಿಯರನಾಗಿ ರಾಯಬಾಗ, ಅಥಣಿ, ಕಾಗವಾಡ ಅಂತ ಮೋಟಾರ್ ಸೈಕಲ್ ಮೇಲೆ ಅಲೆಯುವಾಗ ಕಂಡದ್ದು ಒಂದೇ: ಕಟ್ಟಡ ಬಿರುಕು ಬಿಟ್ಟರೆ ಬೈಸಿಕೊಳ್ಳುವವನು ಗೋಡೆ ಕಟ್ಟಿದ ಗೌಂಡಿ, ಗುತ್ತಿಗೆದಾರ ಅಷ್ಟರಲ್ಲಿ ಮುಂದಿನ ಕೆಲಸ ಹಿಡಿದಿರುತ್ತಾನೆ. ನನ್ನ ಆಕ್ಷೇಪಣೆಗಳು ಮೇಲಿನವರ ಮೇಜಿನ ಮೇಲೆ ಚಹಾದ ಕಪ್ಪು ಇಡಲು ಉಪಯೋಗವಾದವು. ತಲೆ ಕೆಟ್ಟು ಬೆಳಗಾವಿಯಲ್ಲಿ ಕಾನೂನು ಓದಿ, ನೌಕರಿಗೆ ಕೈ ಮುಗಿದು, ಚಿಕ್ಕೋಡಿಯ ಕೋರ್ಟಿಗೆ ಬಂದೆ. ಬರೀ ಕಟ್ಟಡದ ಪ್ರಕರಣ ಹಿಡಿಯುತ್ತೇನೆ ಅಂದಾಗ ಉಳಿದ ವಕೀಲರು ನಕ್ಕು, ಸಿಮೆಂಟ್ ವಕೀಲ ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ ಬಿಡಿ ಅಂದುಕೊಂಡೆ. ಇಲ್ಲಾದರೂ ಕೇಳುವ ಕಿವಿ ಇದ್ದೀತು ಅನ್ನುವ ಹುಚ್ಚು ಆಗ ನನಗಿತ್ತು.

ಆ ಹುಚ್ಚು ಬಿಡಿಸಿದ್ದು ಏಕಸಂಬಿ ಹತ್ತಿರದ ಒಂದು ಮಂಗಲ ಕಾರ್ಯಾಲಯದ ಸ್ಲ್ಯಾಬು. ಹಾಕಿದ ಕೆಲವೇ ದಿನಕ್ಕೆ ಅದು ಕುಸಿದು ಕೆಳಗಿದ್ದ ಒಬ್ಬ ಕೂಲಿಯವನು ಸತ್ತ. ಹಸಿ ಸ್ಲ್ಯಾಬಿಗೆ ಕೊಟ್ಟಿದ್ದ ಆಧಾರದ ಬಲ್ಲಿ ಕಂಬಗಳನ್ನು ಗುತ್ತಿಗೆದಾರ ಅವಸರದಿಂದ ಬಿಚ್ಚಿಸಿ ತನ್ನ ಇನ್ನೊಂದು ಕೆಲಸಕ್ಕೆ ಸಾಗಿಸಿದ್ದ. ಬಿದ್ದ ಕಾಂಕ್ರೀಟು ನೋಡಿದ ಯಾವ ಎಂಜಿನಿಯರಿಗೂ ಅದು ಗೊತ್ತಾಗುತ್ತಿತ್ತು. ಆದರೆ ಗುತ್ತಿಗೆದಾರ ಪೊಲೀಸರಿಗೆ ಬೇರೆಯೇ ಹೇಳಿದ: ಗೌಂಡಿ ಸ್ಲ್ಯಾಬಿಗೆ ನೀರು ಉಣಿಸಲಿಲ್ಲ, ಅದಕ್ಕೇ ಬಿತ್ತು. ಗೌಂಡಿ ಆರೋಪಿಯಾದ. ಮಂಗಸೂಳಿ ಕಡೆಯ ಮರಾಠಿ ಮಾತಿನ ಮನುಷ್ಯ, ಮೂರು ಹೊತ್ತೂ ಎಲೆ ಅಡಿಕೆ, ಮಾತು ಕಡಿಮೆ. ನೀರು ಉಣಿಸಿದ್ದು ಸಾಬೀತಾದರೆ ಗುತ್ತಿಗೆದಾರನ ಕತೆ ಬಿದ್ದು ಹೋಗುತ್ತಿತ್ತು, ಇವನು ಮನೆಗೆ ಹೋಗುತ್ತಿದ್ದ. ಇಲ್ಲವಾದರೆ ಜೈಲು.

ನೀರು ಉಣಿಸಿದ್ದು ಅವನ ಹೆಂಡತಿ. ಬೆಳಗ್ಗೆ ಸಂಜೆ ಕೊಡ ಹೊತ್ತು, ಏಣಿ ಹತ್ತಿ, ಸ್ಲ್ಯಾಬು ಒಣಗದಂತೆ ನೋಡಿಕೊಂಡಿದ್ದಳು. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಖುಷಿಯಿಂದಲೇ ಕರೆಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಮರಾಠಿಯಲ್ಲಿ ಮಾರಣೆ ಅಂದರೆ ಹೊಡೆಯುವುದು. ಕಾಂಕ್ರೀಟಿಗೆ ನೀರು ಹೊಡೆಯುವುದಕ್ಕೆ ಪಾಣಿ ಮಾರಣೆ ಅನ್ನುತ್ತಾರೆ. ಗಡಿ ಸೀಮೆಯ ಕೆಲಸಗಾರರು ಅದನ್ನೇ ಅರ್ಧ ಕನ್ನಡ ಮಾಡಿ ನೀರು ಮಾರುವುದು ಅಂತಾರೆ. ನಾನೂ ಎಂಜಿನಿಯರನಾಗಿದ್ದಾಗ ದಿನಾ ಬೆಳಗ್ಗೆ, "ನೀರ ಮಾರೀರೇನಲೇ?" ಅಂತ ಕೂಗಿದವನೇ. ಕಿವಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕನ್ನಡದಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ ಅನ್ನುವುದೇ ಯಾರಿಗೂ ಹೊಳೆಯುತ್ತಿರಲಿಲ್ಲ.

ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ಬಂದು ಇನ್ನೂ ಹೊಸತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕಟಕಟೆಯಲ್ಲಿ ನಿಂತಳು. ದೊಡ್ಡವರ ಮುಂದೆ ಮರಾಠಿ ಬೇಡ ಅಂತ ತಾನೇ ನಿಶ್ಚಯ ಮಾಡಿಕೊಂಡು ಬಂದಿದ್ದಳು. ಸ್ಲ್ಯಾಬು ಹಾಕಿದ ಮೇಲೆ ನೀನೇನು ಕೆಲಸ ಮಾಡಿದೆ ಅಂತ ಕೇಳಿದೆ.

"ದಿನಾ ನೀರ ಮಾರೀನ್ರಿ. ಒಂದ ದಿನಾನೂ ತಪ್ಪಿಸಿಲ್ರಿ."

ಮ್ಯಾಜಿಸ್ಟ್ರೇಟರು ಆಗಲೇ ಟೈಪಿಸ್ಟನಿಗೆ ಹೇಳುತ್ತಿದ್ದರು: ಪ್ರತಿದಿನ ನೀರನ್ನು ಮಾರುತ್ತಿದ್ದೆ. ಆ ಬೇಸಿಗೆಯಲ್ಲಿ ಕೊಡದ ಲೆಕ್ಕದಲ್ಲಿ ನೀರು ಮಾರಿ ಬದುಕಿದವರು ಊರೂರಿಗೂ ಇದ್ದರು. ಎದುರಿನ ವಕೀಲ ಕುಳಿತಲ್ಲೇ ಮೀಸೆಯಲ್ಲಿ ನಕ್ಕ. ಅವನು ನಿಪ್ಪಾಣಿಯವನು, ಮನೆಯಲ್ಲಿ ಮರಾಠಿಯನ್ನೇ ಆಡುವವನು. ಅವನಿಗೆ ಎಲ್ಲ ಗೊತ್ತಿತ್ತು.

ನಾನು ವಿವರಿಸಲು ಹೋದೆ. "ವಕೀಲರೇ, ಸಾಕ್ಷಿ ನೀವೋ ಅವರೋ?" ಅಂದರು ಮ್ಯಾಜಿಸ್ಟ್ರೇಟರು. ಮರಾಠಿಯಲ್ಲಿ ಕೇಳಿಸಿ ಅಂದೆ. "ಕನ್ನಡ ಬರುತ್ತೇನಮ್ಮಾ?" ಅಂತ ಅವಳನ್ನೇ ಕೇಳಿದರು. "ಚಲೋತ್ನಾಗ ಬರತೈತ್ರಿ," ಅಂದಳು, ಸ್ವಲ್ಪ ಹೆಮ್ಮೆಯಿಂದಲೇ. "ಮಾರೋದಂದ್ರ ಹೊಡಿಯೋದು, ಹೌದಿಲ್ಲೋ?" ಅಂತ ನಾನು ಕೇಳುವಷ್ಟರಲ್ಲಿ ಎದುರಿನವನು ಆಕ್ಷೇಪಿಸಿದ. ಪ್ರಶ್ನೆಯಲ್ಲೇ ಉತ್ತರ ತುಂಬಬೇಡಿ ಅಂತ ನನ್ನನ್ನು ಕೂರಿಸಿ, ಮ್ಯಾಜಿಸ್ಟ್ರೇಟರು ತಾವೇ ಕೇಳಿದರು: "ನೋಡಮ್ಮಾ, ನಿಜ ಹೇಳು. ನೀರು ಮಾರಿದೆಯೋ ಇಲ್ಲವೋ?"

ತನ್ನ ದುಡಿಮೆಯ ಮೇಲೇ ಅನುಮಾನ ಬಂತೆಂದು ಅವಳಿಗೆ ಸಿಟ್ಟು ಬಂತು. ಕೊಡ ಎತ್ತಿ ಎರಚುವ ಹಾಗೆ ಕೈ ಬೀಸಿದಳು. "ಮಾರೀನ್ರಿ! ಮಲ್ಲಯ್ಯನ ಆಣಿ ಮಾಡಿ ಹೇಳ್ತೀನ್ರಿ, ಎರಡೂ ಹೊತ್ತ ಮಾರೀನಿ!"

ಕೈ ಬೀಸಿದ್ದನ್ನು ಯಾರೂ ಟೈಪು ಮಾಡಲಿಲ್ಲ.

ಆಮೇಲೆ ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ. ವಾದದಲ್ಲಿ ಮರಾಠಿ ಕಲಿಸಿದೆ, ನಿಘಂಟು ತಂದಿಟ್ಟೆ. ನಿಘಂಟು ಈ ಸಾಕ್ಷಿಯ ಬಾಯಲ್ಲ ಅಂತ ತೀರ್ಪು ಬಂತು. ಮೇಲ್ಮನವಿಯಲ್ಲಿ ಅವಳ ಮುಖ ಯಾರಿಗೂ ಕಾಣಲಿಲ್ಲ. ಕಾಗದದ ಮೇಲೆ ಶುದ್ಧ ಕನ್ನಡದ ಒಂದು ವಾಕ್ಯವಿತ್ತು, ಅದರಲ್ಲಿ ಹುಡುಕಿದರೂ ತಪ್ಪಿರಲಿಲ್ಲ. ಶಿಕ್ಷೆ ಖಾಯಂ ಆಯಿತು. ಗೌಂಡಿಗೆ ಕಾರಣ ಬಿಡಿಸಿ ಹೇಳಿದೆ. "ಅಕಿಗಿ ಇದನ್ನ ಹೇಳಬ್ಯಾಡ್ರಿ ಸಾಹೇಬ್ರ," ಅಂದ. "ಜೀವಾ ಕಳಕೋತಾಳ."

ಹೇಳಲಿಲ್ಲ. ಅವನನ್ನು ಪೊಲೀಸರು ಕರೆದೊಯ್ದ ದಿನ ಕೋರ್ಟಿನ ಕಟ್ಟೆಯ ಮೇಲೆ ಅವಳೊಬ್ಬಳೇ ಕುಳಿತಿದ್ದಳು. ನಾನು ತಪ್ಪಿಸಿಕೊಂಡು ಹೋಗುವವನಿದ್ದೆ, ಎದ್ದು ಬಂದು ಅಡ್ಡ ನಿಂತಳು.

"ನಾ ಖರೇನ ಹೇಳೀನಲ್ರಿ ಸಾಹೇಬ್ರ?"

"ಖರೇನ ಹೇಳಿದಿ, ತಂಗಿ."

"ಮತ್ತ ಅವ್ರಿಗಿ ಸರಿಯಾಗಿ ಕೇಳಿಲ್ಲ ಕಾಣಸ್ತೈತ್ರಿ. ಇನ್ನೊಮ್ಮಿ ಕರಸ್ರಿ ನನ್ನ. ಈ ಸಲ ಜೋರ್‌ಲೇ ಹೇಳ್ತೀನಿ."