ನಾಲ್ಕು ಕೇಸರದ ಮೇಷ್ಟ್ರು

ಮೊನ್ನೆ ಬುಕ್ಕಾಂಬುಧಿ ಕೆರೆಯ ಒಣಗಿದ ಅಂಚಿನಲ್ಲಿ ಸ್ಕೂಟರ್ ನಿಲ್ಲಿಸಿ ಒಂದು ಹಳದಿ ಹೂವಿನ ಗಿಡ ಕಿತ್ತೆ. ನಾನು ತರೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮಕ್ಕಳಿಗೆ ಹೂವಿನ ಭಾಗಗಳನ್ನು ತೋರಿಸಲು ಬೇಕಿತ್ತು, ಅಷ್ಟೇ. ಬೆರಳಿಗೆ ಅಂಟು ಹತ್ತಿತು. ಆ ಅಂಟಿನ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ಬೇಡವೆಂದರೂ ಬಂದರು. ಬದುಕಿದ್ದಾಗಲೂ ಹಾಗೆಯೇ, ಕರೆಯದ ಕಡೆಗೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಕತ್ತಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಮದುವೆ ಮನೆಗೂ ಅದನ್ನು ಹಾಕಿಕೊಂಡು ಹೋಗುತ್ತಿದ್ದರೆಂದು ಜನ ಹೇಳುತ್ತಿದ್ದರು. ಗಿಡ ನೋಡಲು ನಮ್ಮನ್ನು ಕರೆದುಕೊಂಡು ಹೋದಾಗ ಅವರು ಕೆರೆ ಏರಿಯ ಮೇಲೆ ಹುಣಸೆಮರದ ನೆರಳಿನಲ್ಲಿ ಖಾರ ಮಂಡಕ್ಕಿ ತಿನ್ನುತ್ತ ಕೂತಿರುತ್ತಿದ್ದರು. ನಾವು ಬಿಸಿಲಲ್ಲಿ ಅಲೆದು ತಂದುಕೊಟ್ಟದ್ದನ್ನು ನೋಡಿ "ಕಳೆ, ಎಸೀರಿ" ಎನ್ನುತ್ತಿದ್ದರು. ತಿಳಿಯದ ಗಿಡಗಳೆಲ್ಲ ಅವರಿಗೆ ಕಳೆಯೇ. ಬಗ್ಗಿ ಒಂದು ಹುಲ್ಲುಕಡ್ಡಿ ಕಿತ್ತದ್ದನ್ನೂ ನಾನು ಕಂಡಿಲ್ಲ. ನ್ಯಾಯವಾಗಿ ಒಂದು ಮಾತು ಹೇಳಬೇಕು... ಬ್ಲೇಡ್ ಹಿಡಿದು ಹೂವನ್ನು ಸೀಳುವುದರಲ್ಲಿ ಅವರ ಕೈ ಚೆನ್ನಾಗಿತ್ತು. ನನಗೆ ಅದನ್ನು ಕಲಿಸಿದವರು ಅವರೇ. ಒಳ್ಳೆಯ ಮಾತು ಅಲ್ಲಿಗೆ ಮುಗಿಯಿತು.

ಡಿಗ್ರಿಯ ಕೊನೆಯ ವರ್ಷ, ಬೇಸಿಗೆ ಹತ್ತಿರವಾಗುತ್ತಿದ್ದ ದಿನಗಳಲ್ಲಿ, ಇದೇ ಕೆರೆಯಂಗಳದಿಂದ ಇದೇ ಗಿಡವನ್ನು ತಂದು ಅವರ ಮುಂದಿಟ್ಟೆ. ಸೊಂಟದೆತ್ತರ. ಬುಡದ ಎಲೆ ಮೂಲಂಗಿ ಸೊಪ್ಪಿನ ಹಾಗೆ ಸೀಳು ಸೀಳು. ಮೇಲೇರಿದಂತೆ ಎಲೆ ಚಿಕ್ಕದಾಗಿ, ತೊಟ್ಟೇ ಇಲ್ಲದೆ ಕಾಂಡಕ್ಕೆ ಕೂತುಬಿಡುತ್ತದೆ. ಮೈತುಂಬ ಸಣ್ಣ ರೋಮ. ತುದಿಯ ಉದ್ದನೆಯ ಕಡ್ಡಿಯಲ್ಲಿ ಹೂಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತವೆ. ಐದು ಹಳದಿ ಎಸಳು, ನಡುವೆ ನೇರಳೆ ಉಣ್ಣೆ ಸುತ್ತಿದಂಥ ಕೇಸರಗಳು. ಉದುರಿದ ಮೇಲೆ ಮೆಣಸಿನಕಾಳಿನಂಥ ದುಂಡನೆಯ ಕಾಯಿ.

ಮೇಷ್ಟ್ರು ಕೇಸರ ಎಣಿಸಿದರು. ನಾಲ್ಕು. ಅವರು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ಈ ಜಾತಿಗೆ ಐದು ಎಂದಿತ್ತು. ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟು ಎದ್ದು ನಿಂತರು.

"ಇದು ಹೊಸಾದು ಕಣಮ್ಮ. ಪ್ರಪಂಚದಲ್ಲೇ ಯಾರೂ ನೋಡಿಲ್ಲ."

"ಸರ್, ನಾಲ್ಕು ಕೇಸರದ್ದೂ ಇದೆಯಂತೆ. ಲೈಬ್ರರೀಲಿರೋ ಹಳೇ ಪುಸ್ತಕದಲ್ಲಿ ನೋಡಿದೀನಿ. ಇಲ್ಲಿಂದ ಚೀನಾದವರೆಗೂ ಬೆಳೆಯುತ್ತೆ ಅಂತ ಬರೆದಿದಾರೆ."

"ಪುಸ್ತಕ ಓದ್ದೋರೆಲ್ಲ ಮೇಷ್ಟ್ರಾಗಲ್ಲ. ಹೋಗು, ಇರೋವಷ್ಟೂ ಕಿತ್ಕೊಂಡ್ ಬಾ. ಬೇರೆ ಕಾಲೇಜಿನೋರ ಕೈಗೆ ಒಂದೂ ಸಿಗಬಾರ್ದು."

ನಾನು ಕೀಳಲಿಲ್ಲ. ಗೆಳತಿಯರು ಬೈಸಿಕೊಳ್ಳಲಾರದೆ ಕಿತ್ತರು. ಬೇಕಾದಷ್ಟನ್ನು ಕಾಗದದ ನಡುವೆ ಒತ್ತಿಕೊಂಡು, ಉಳಿದದ್ದನ್ನು ಏರಿಯ ಮೇಲೇ ಬಾಡಲು ಬಿಟ್ಟು ಮೇಷ್ಟ್ರು ಬಸ್ಸು ಹತ್ತಿದರು.

ಆಮೇಲೆ ಹೊಸ ಗಿಡ ಕಂಡುಹಿಡಿದರೆಂದು ಕಡೂರಿನಲ್ಲಿ ಅವರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಗಿಡಕ್ಕೆ ತಮ್ಮ ಹೆಸರೇ ಬರಬೇಕೆಂಬ ಆಸೆ ಅವರಿಗೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಆ ವಿದ್ಯೆಯಲ್ಲಿ ಮರ್ಯಾದೆಯಲ್ಲವಾದ್ದರಿಂದ ಸ್ನೇಹಿತರೊಬ್ಬರಿಂದ ಇಡಿಸಿಕೊಳ್ಳುವ ಏರ್ಪಾಡೂ ನಡೆದಿತ್ತು.

ಅಷ್ಟರಲ್ಲಿ ನಮ್ಮ ಕಾಲೇಜಿಗೆ ಉಪನ್ಯಾಸಕ್ಕೆಂದು ಹೊರಗಿನಿಂದ ಒಬ್ಬ ಹಿರಿಯ ಸಸ್ಯಶಾಸ್ತ್ರಜ್ಞೆ ಬಂದರು. ಮೇಷ್ಟ್ರು ತಾವಾಗಿಯೇ ಒಣಗಿಸಿದ ಗಿಡವನ್ನು ವೇದಿಕೆಗೆ ಒಯ್ದು ತೋರಿಸಿದರು. ಆಕೆ ಕನ್ನಡಕ ಏರಿಸಿ ಒಂದು ಗಳಿಗೆ ನೋಡಿ, "ಇದು ಕೆರೆ ಅಂಗಳದಲ್ಲೆಲ್ಲ ಬೆಳೆಯುತ್ತಲ್ಲ ಮೇಷ್ಟ್ರೇ. ಎಲ್ಲರಿಗೂ ಗೊತ್ತಿರೋ ಗಿಡ" ಎಂದರು.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ರೆಪ್ಪೆ ಕೂಡ ಬಡಿಯದೆ ನನ್ನ ಕಡೆ ಕೈ ತೋರಿಸಿದರು.

"ಈ ಹುಡುಗಿ ತಂದು ಹೊಸಾದು ಅಂದ್ಲು ಮೇಡಂ. ಮಕ್ಳ ಉತ್ಸಾಹ. ಬೇಡ ಅನ್ನಕ್ಕಾಗ್ಲಿಲ್ಲ."

ನಾನು ಎದ್ದು ನಿಂತೆ. "ಸುಳ್ಳು ಸರ್ ಅದು. ಹೊಸಾದಲ್ಲ ಅಂತ ನಾನು ಹೇಳ್ದೆ. ನೀವು ಕೇಳ್ಲಿಲ್ಲ."

ಯಾರೂ ನನ್ನ ಪರವಾಗಿ ಮಾತಾಡಲಿಲ್ಲ. ಆ ವರ್ಷದ ಪ್ರಾಕ್ಟಿಕಲ್‌ನಲ್ಲಿ ಅವರು ನನಗೆ ಹಾಕಿದ ಕಡಿಮೆ ಅಂಕದಿಂದ ಎಂಎಸ್ಸಿ ಸೀಟು ಕೈತಪ್ಪಿತು. ಬಿಎಡ್ ಮಾಡಿ ಟೀಚರಾದೆ. ಈ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಮೇಷ್ಟ್ರು ಅಜ್ಜಂಪುರದ ತಮ್ಮ ಮನೆಯ ಗೇಟಿಗೆ 'ಸಸ್ಯ ಸಂಶೋಧಕರು' ಎಂದು ಬೋರ್ಡು ಹಾಕಿಸಿದ್ದನ್ನು ಬಸ್ಸಿನಿಂದ ಕಂಡಾಗಲೆಲ್ಲ ನನ್ನ ಬಾಯಿ ಕಹಿಯಾಗುತ್ತಿತ್ತು. ಕಳ್ಳನಾದರೂ ಕದ್ದದ್ದನ್ನು ಬಚ್ಚಿಡುತ್ತಾನೆ. ಇವರು ಗೇಟಿಗೆ ನೇತುಹಾಕಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಹೋಗಬಾರದೆಂದುಕೊಂಡೇ ಹೋದೆ. ಕಾಲೇಜಿನ ವೇದಿಕೆಯಲ್ಲಿ ನಡೆದದ್ದು ಊರಿಗೆ ಮುಟ್ಟಿರಲಿಲ್ಲ; ಬಂದವರೆಲ್ಲ ಹೊಸ ಗಿಡ ಕಂಡುಹಿಡಿದವರೆಂದು ಹೊಗಳಿ ಎದ್ದುಹೋದರು. ಅವರ ಹೆಂಡತಿ, ಮೆತ್ತನೆಯ ದನಿಯ ಹೆಂಗಸು, ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು.

"ನೀನು ಅವ್ರ ಸ್ಟೂಡೆಂಟಂತೆ. ಆ ಗಿಡ ಹೆಂಗಿತ್ತಮ್ಮ? ನಂಗೊಂದಿನಾನೂ ತೋರಿಸ್ಲಿಲ್ಲ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹಳದಿ ಹೂವಿನ ಗಿಡ ಅಮ್ಮ. ನೀರು ಬತ್ತಿದ ಮೇಲೆ ಕೆರೆ ಕಡೆ ಹೋದ್ರೆ ಬೇಕಾದಷ್ಟು ಇರ್ತವೆ."

ಆಕೆ ಸೆರಗಿನ ಅಂಚನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದಕ್ಕೇ ಇರ್ಬೇಕು," ಎಂದರು. "ಸಂಜೆ ಕೆರೆ ಏರಿ ಮೇಲೆ ಒಂದ್ಸುತ್ತು ಹೋಗಿ ಬರಣ ಅಂದ್ರೆ ಬತ್ತಾನೇ ಇರ್ಲಿಲ್ಲ."

ಮಾಡಿದ್ದು ತಪ್ಪೆಂದು ಮೇಷ್ಟ್ರಿಗೆ ಗೊತ್ತಿತ್ತು. ಅಷ್ಟು ವರ್ಷವೂ ಗೊತ್ತಿತ್ತು... ಗೊತ್ತಿದ್ದೂ ಬೋರ್ಡು ತೆಗೆಯಲಿಲ್ಲ, ನನಗೊಂದು ಮಾತು ಹೇಳಲಿಲ್ಲ. ಆ ಒಂದು ಮಾತಿಗೆ ನಾನು ಕಾಯುತ್ತಿದ್ದೆನೆಂದು ನನಗೇ ತಿಳಿದದ್ದು ಆ ಮನೆಯ ಮೆಟ್ಟಿಲಿಳಿಯುವಾಗ. ಇನ್ನು ಅದು ಬರುವುದಿಲ್ಲ. ಅವರ ಮೇಲಿನ ತಿರಸ್ಕಾರ ಈಗಲೂ ಅಷ್ಟೇ ಇದೆ, ಎದುರಿಗೆ ನಿಂತು ಹೇಳೋಣವೆಂದರೆ ಮನುಷ್ಯನೇ ಇಲ್ಲ.