ದೊಡ್ಡಪ್ಪ ನೋಡಿದ ಸದ್ದಿಲ್ಲದ ರೇಸು

ಶಕುನ, ಮುನ್ಸೂಚನೆ ಎಂದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಗುಬ್ಬಿಯಲ್ಲಿ ಕಣ್ಣಾರೆ ಕಂಡದ್ದನ್ನು ಏನೆನ್ನಲಿ? ನೀವೇ ಹೇಳಿ.

ನನ್ನನ್ನು ಸಾಕಿದ್ದು ದೊಡ್ಡಪ್ಪ. ಮನೆ ಗುಬ್ಬಿಯಲ್ಲಿ, ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಅವರದು ಕಾರು ಗ್ಯಾರೇಜು. ಒಮ್ಮೆ ಗುಜರಿಯಿಂದ ಅಮೆರಿಕದ ಹಳೆಯ ರೇಸಿಂಗ್ ಮ್ಯಾಗಜಿನ್ನುಗಳ ಮೂಟೆಯನ್ನೇ ಹೊತ್ತು ತಂದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವ," ಎಂದರು ದೊಡ್ಡಮ್ಮ. ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು, ಓದಿ ಹೇಳುವ ಕೆಲಸ ನನ್ನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಖಾಲಿ ಬಿದ್ದ ವಿಮಾನದ ರನ್‌ವೇಗಳಲ್ಲಿ ಒಣಹುಲ್ಲಿನ ಹೊರೆ ಅಡ್ಡವಿಟ್ಟು ಕಾರು ಓಡಿಸಿದ್ದು, ಆಮೇಲೆ ಎಂಜಿನ್ ಎಷ್ಟು ದೊಡ್ಡದಾದರೂ ಸರಿ ಎಂದು ರೇಸಿಗೆ ಬಿಟ್ಟ ಆ ಹುಚ್ಚು ಕಾಲ, ಎಲ್ಲವೂ ಅವರಿಗೆ ಬಾಯಿಪಾಠವಾಯಿತು. ಗಿರಾಕಿ ಕಾಯುತ್ತ ನಿಂತಿದ್ದರೂ ಕಥೆ ನಿಲ್ಲುತ್ತಿರಲಿಲ್ಲ.

ಮುಪ್ಪಿನಲ್ಲಿ ಮರೆವು ಬಂತು. ಮೊದಲು ದಾರಿಗಳು ಹೋದವು, ಆಮೇಲೆ ಹೆಸರುಗಳು, ಕೊನೆಗೆ ನಾನೂ ಹೋದೆ. ಕುಣಿಗಲ್‌ನಲ್ಲಿ ಮೇಷ್ಟ್ರಾಗಿರುವ ನಾನು ಪ್ರತಿ ಭಾನುವಾರ ಗುಬ್ಬಿಗೆ ಹೋಗುತ್ತಿದ್ದೆ. ಒಂದು ಸಲವಾದರೂ ನನ್ನನ್ನು ಗುರುತು ಹಿಡಿದು ‘ಏನ್ಲಾ’ ಅನ್ನಲಿ ಎಂಬುದಷ್ಟೇ ಆಸೆ.

ಆ ಸಲ ಶನಿವಾರವೇ ಹೋಗಿ ಉಳಿದಿದ್ದೆ. ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ, ಫ್ಲೋರಿಡಾದ ಹಳೆಯ ರನ್‌ವೇ ಮೇಲೆ ನಡೆಯುವ ಹನ್ನೆರಡು ಗಂಟೆಯ ರೇಸಿನ ಕೊನೆಯ ಭಾಗ ಮೊಬೈಲಿನಲ್ಲಿ ನೇರವಾಗಿ ಬರುತ್ತಿತ್ತು. ಅದನ್ನು ದೊಡ್ಡಪ್ಪನ ಮುಂದಿಟ್ಟೆ. ದೊಡ್ಡಮ್ಮ ಪೂಜೆಗೆ ಕೂತಿದ್ದರಿಂದ ಸದ್ದು ಪೂರ್ತಿ ತೆಗೆದಿದ್ದೆ.

ಸುಮ್ಮನೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನೆಟ್ಟಗೆ ಕೂತರು.

"ಹಸಿರು ಕಾರು ನಿಲ್ತೈತೆ. ಹಿಂದ್ಗಡೆ ಎಡಗಡೆ ಚಕ್ರದ ಬೇರಿಂಗ್ ಹೋಗೈತೆ. ಕೇಳಿಸ್ತಿಲ್ವೇನ್ಲಾ?"

ಎಲ್ಲರಿಗಿಂತ ಮುಂದಿದ್ದುದೇ ಹಸಿರು ಕಾರು. "ಸೌಂಡೇ ಇಲ್ವಲ್ಲ ದೊಡ್ಡಪ್ಪ," ಎಂದೆ.

"ಇನ್ನೆರಡು ಸುತ್ತು, ಅಷ್ಟೇಯ."

ಎರಡನೇ ಸುತ್ತಿನಲ್ಲಿ ಹಸಿರು ಕಾರು ನಿಧಾನವಾಗಿ ಅಂಚಿಗೆ ಸರಿದು ನಿಂತಿತು. ಹಿಂದಿನ ಎಡ ಚಕ್ರದಿಂದ ಹೊಗೆ ಬರುತ್ತಿತ್ತು. ಕಾಕತಾಳೀಯ ಎನ್ನಿ, ಬೇಡವೆನ್ನುವುದಿಲ್ಲ. ಅವರಿಗೆ ಅದು ಹೇಗೆ ತಿಳಿಯಿತೆಂದು ನನಗಂತೂ ಇಂದಿಗೂ ಗೊತ್ತಿಲ್ಲ.

ಆದರೆ ಆ ಹೊತ್ತಿನಲ್ಲಿ ಚಕ್ರ ಯಾರಿಗೆ ಬೇಕಿತ್ತು? ನನ್ನನ್ನು ‘ಲಾ’ ಅಂದಿದ್ದರು. ಮರೆವು ಸರಿಯಿತು ಎಂದುಕೊಂಡು ಅವರ ಕೈ ಹಿಡಿದು ಕೇಳಿದೆ: "ದೊಡ್ಡಪ್ಪ, ನಾನ್ಯಾರು ಹೇಳಿ?"

ಮೇಲಿಂದ ಕೆಳಗಿನವರೆಗೂ ನೋಡಿದರು.

"ಗೊತ್ತಾಗ್ಲಿಲ್ಲ ಸಾಮಿ. ಕೂತ್ಕಳಿ, ಕಾಫಿ ಕುಡ್ಕೊಂಡು ಹೋಗೀರಂತೆ. ಇವತ್ತು ಭಾನ್ವಾರ, ನಮ್ಮುಡ್ಗ ಕುಣಿಗಲ್ಲಿಂದ ಬರ್ತಾನೆ."

ಕೂತೆ. ಮಧ್ಯಾಹ್ನದವರೆಗೂ ನಾವಿಬ್ಬರೂ ಅವನಿಗಾಗಿ ಕಾದೆವು.