ಎರಡು ದೇಶಗಳನ್ನು ಒಂದೇ ಸೂರಿನಡಿ ಕೂರಿಸಿದ ಸುಚಿತಕ್ಕ

ಬಡ ದೇಶಗಳ ಗಡಿಗಳಲ್ಲಿ ಸರಕು ಸಾಗಣೆಯನ್ನು ಸುಗಮಗೊಳಿಸುವ ಕಾರ್ಯಕ್ಕೆ ಬದುಕನ್ನೇ ಮೀಸಲಿಟ್ಟವರು ನಮ್ಮಲ್ಲಿ ವಿರಳ. ಆ ವಿರಳರಲ್ಲಿ ಹೊನ್ನಾವರದ ಶ್ರೀಮತಿ ಸುಚಿತಾ ಹರಿಕಂತ್ರ ಅವರದು ಮೊದಲ ಸಾಲಿನ ಹೆಸರು. ಶರಾವತಿಗೆ ಸೇತುವೆಯಿಲ್ಲದ ದಿನಗಳಲ್ಲಿ ಮೀನಿನ ಬುಟ್ಟಿ ಹೊತ್ತು ದೋಣಿಗಾಗಿ ಕಾಯುತ್ತಿದ್ದ ಗಂಗಿಯಮ್ಮನವರ ಮಗಳು ಕುಮಟೆಯಲ್ಲಿ ಅರ್ಥಶಾಸ್ತ್ರ ಓದಿ, ಸಾರಿಗೆ ತಜ್ಞೆಯಾಗಿ ಖಂಡಾಂತರಗಳಲ್ಲಿ ದುಡಿದ ಪರಿ ನನಗೆ ಇಂದಿಗೂ ಬೆರಗು.

ಕುಮಟೆ ಕಡೆಯ ಸಂತೆಗುಳಿಯವನಾದ ನಾನು ಅವರ ಸಹಾಯಕನಾಗಿ ಸೇರಿದ್ದು ಪೂರ್ವ ಆಫ್ರಿಕಾದ ಒಂದು ಗಡಿಠಾಣೆಯಲ್ಲಿ. ಅಲ್ಲಿ ಒಂದೇ ಲಾರಿಯನ್ನು ಎರಡೂ ದೇಶದವರು ಬೇರೆ ಬೇರೆಯಾಗಿ ತಪಾಸಣೆ ಮಾಡುವ ಪದ್ಧತಿಯಿತ್ತು. ಲಾರಿಗಳ ಸಾಲು ಗುಡ್ಡದಾಚೆಗೂ ಬೆಳೆದು, ಮೀನು, ಟೊಮೆಟೊ ನಿಂತಲ್ಲೇ ಕೊಳೆಯುತ್ತಿದ್ದವು. ಇಬ್ಬರೂ ಒಂದೇ ಸೂರಿನಡಿ, ಒಮ್ಮೆಗೇ ತಪಾಸಣೆ ಮಾಡಲಿ ಎಂಬ ತಮ್ಮ ಸಲಹೆಗೆ ಎರಡೂ ಕಡೆಯವರನ್ನು ಒಪ್ಪಿಸಲು ಸುಚಿತಕ್ಕನಿಗೆ ವರ್ಷಗಳೇ ಹಿಡಿದವು. ಆ ಓಡಾಟದ ನಡುವೆ ನಾನು ಮಲೇರಿಯಾದಿಂದ ಮಲಗಿದಾಗ ಗಂಜಿ ಬೇಯಿಸಿ ಉಣಿಸಿದವರೂ ಅವರೇ.

ಜಂಟಿ ತಪಾಸಣೆಯ ಮೊದಲ ದಿನವೇ ಅಕ್ಕಿ ಮೂಟೆಗಳ ಅಡಿಯಲ್ಲಿ ಬಂದೂಕುಗಳು ಸಿಕ್ಕವು. ಒಂದು ದೇಶದ ರಾಜಧಾನಿಯಿಂದ ಗಡಿ ಮುಚ್ಚುವ ಆದೇಶ ಬಂತು. ಅಧಿಕಾರಿಗಳು ಪರಸ್ಪರ ದೂರತೊಡಗಿದರು. ಹೊಸ ಪದ್ಧತಿಯೇ ತಪ್ಪೆಂದರು. ಎಲ್ಲ ಮುಗಿಯಿತೆಂದುಕೊಂಡೆ ನಾನು.

"ಎಂತಕ್ಕೆ ಮುಖ ಸಣ್ಣ ಮಾಡ್ಕಂಡೆ ಸಂದೇಶ?" ಎಂದರು ಸುಚಿತಕ್ಕ. "ಬಂದೂಕು ಇವತ್ತು ಬರೂಕೆ ಶುರುವಾದದ್ದಲ್ಲ. ಇವತ್ತು ಸಿಕ್ಕಿದ್ದು, ಅಷ್ಟೇ."

ಅದೇ ಮಾತನ್ನು ಅವರು ಇಬ್ಬರು ಮುಖ್ಯಾಧಿಕಾರಿಗಳ ಎದುರಿಗೆ ದನಿ ಏರಿಸದೆ ಹೇಳಿದರು. ಆಚೆಯವರು ನೋಡಿರುತ್ತಾರೆಂದು ಈಚೆಯವರು, ಈಚೆಯವರು ನೋಡುತ್ತಾರೆಂದು ಆಚೆಯವರು, ಇಷ್ಟು ಕಾಲ ಹಾಗೇ ಬಿಟ್ಟ ಲಾರಿಗಳೆಷ್ಟು ಎಂದು ಕೇಳಿದರು. ಇಬ್ಬರೂ ಒಂದೇ ಮೇಜಿಗೆ ಕುರ್ಚಿ ಎಳೆದುಕೊಂಡು ವರದಿ ಬರೆಯಲು ಕುಳಿತರು. ಮರುದಿನ ಎರಡೂ ರಾಜಧಾನಿಗಳಿಗೆ ಇಬ್ಬರ ಸಹಿಯಿದ್ದ ಒಂದೇ ವರದಿ ಹೋಯಿತು. ಗಡಿ ಮುಚ್ಚುವ ಆದೇಶ ರದ್ದಾಗಿ ಸಂಜೆ ಗೇಟು ತೆರೆದಾಗ ಚಾಲಕರು ಹಾರ್ನ್ ಬಾರಿಸುತ್ತಾ ಸಾಗಿದರು. ಸುಚಿತಕ್ಕ ರಸ್ತೆಯಂಚಿನಲ್ಲಿ ನಿಂತು ಲಾರಿಗಳನ್ನು ನೋಡುತ್ತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಮೆತ್ತಗೆ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಅವರಿಗೆ ಬಿಡುವಿಲ್ಲ. ಭಟ್ಕಳ, ಮುರ್ಡೇಶ್ವರದ ಮೀನಿನ ಲಾರಿಗಳನ್ನು ಹೊರರಾಜ್ಯದ ಗಡಿಯಲ್ಲಿ ತಡೆದರೆ ಮೊದಲ ಫೋನು ಬರುವುದು ಅವರಿಗೇ. "ಆತು, ನೋಡ್ವ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ಅವರಿಗೆ ನಿಡು ಆಯುಸ್ಸು, ಗಟ್ಟಿ ಆರೋಗ್ಯ ದೊರೆಯಲಿ. ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸುವುದಿಲ್ಲ; ಕೊಟ್ಟರೂ ಅವರು ಒಲ್ಲರು.